ಬಾಲಿಗೆ ಹೋಗದ ಹನಿಮೂನು

ಜನವರಿ 10, ಶುಕ್ರವಾರ. ಬೆಳಿಗ್ಗೆ 7

ಟ್ಯಾಂಕ್ ನೋಡಿದೆ. ಟಾರ್ಚ್ ಬಿಟ್ಟು ನಾಲ್ಕು ಮೂಲೆಯೂ ನೋಡಿದೆ. ಹುಳ ಇಲ್ಲ. ಹೂಕುಂಡದ ತಟ್ಟೆಗಳನ್ನು ಬೋರಲು ಹಾಕಿದೆ. ರಿಟೈರ್ ಆಗಿ ಹದಿನೈದು ವರ್ಷ. ಆದರೂ ಶುಕ್ರವಾರ ಬಂದರೆ ಕಾಲು ತಾನಾಗಿ ಟೆರೇಸಿಗೆ ಹತ್ತುತ್ತದೆ. ಮೂವತ್ತೈದು ವರ್ಷ ಮಲೇರಿಯಾ ಇಲಾಖೆಯಲ್ಲಿ ಊರವರ ತೊಟ್ಟಿಗೆ ಮುಖ ಹಾಕಿ ಸಂಬಳ ತಗೊಂಡವನು. ಸೊಳ್ಳೆ ಹಿಡಿಯುವುದು ಡ್ಯೂಟಿ, ಸುಳ್ಳು ಹೇಳುವುದು ಓವರ್‌ಟೈಮ್.

ಎದುರು ಮನೆಯ ಗೇಟಿನೊಳಗೆ ಎಳನೀರು ಬುರುಡೆ ರಾಶಿ. ಮೂರು ಸಲ ಹೇಳಿ ಆಯಿತು. ಇವತ್ತು ಗೇಟಿಗೆ ರಟ್ಟು ಕಟ್ಟಿದೆ — "ಸೊಳ್ಳೆಗಳಿಗೆ ಮನೆ ಬಾಡಿಗೆಗಿದೆ. ಸಣ್ಣ ಸಂಸಾರಕ್ಕೆ ಆದ್ಯತೆ. ಅಡ್ವಾನ್ಸ್ ರಕ್ತದಲ್ಲಿ."

ಹತ್ತು ನಿಮಿಷಕ್ಕೆ ಲತಾ ಕಿತ್ತುಕೊಂಡು ಬಂದಳು.

"ಮಾವ, ಮನೇಲಿ ಮದ್ವೆ ಇಟ್ಕೊಂಡು ಇದೆಲ್ಲ ಬೇಕಾ? ಬೀಗರು ಬಂದು ಓದಿದ್ರೆ?"

"ಓದ್ಲಿ ಬಿಡಮ್ಮ. ಓದಿರೋ ಜನ ಅಂತ ಗೊತ್ತಾಗುತ್ತೆ."

ನಗಲಿಲ್ಲ. ತಮ್ಮನ ಮಗ ನಾಗರಾಜುವಿನ ಹೆಂಡತಿ. ಊಟಕ್ಕೆ ಒಂದು ದಿನವೂ ಕೊರತೆ ಮಾಡಿದವಳಲ್ಲ. ನಗುವುದರಲ್ಲಿ ಮಾತ್ರ ಜಿಪುಣಿ.

ನನ್ನ ಹೆಂಡತಿ ಪಂಕಜಾ ಹೋಗಿ ಆರು ವರ್ಷ. ಅವಳೂ ನಗುತ್ತಿರಲಿಲ್ಲ. ಆದರೆ ನಗದೇ ಇರಲು ಕಷ್ಟಪಡುತ್ತಿದ್ದಳು. ಆ ಕಷ್ಟ ನೋಡಲಿಕ್ಕೇ ಜೋಕ್ ಮಾಡುತ್ತಿದ್ದೆ.

ಜನವರಿ 19, ಭಾನುವಾರ

ಬಸವೇಶ್ವರನಗರದಿಂದ ಬೀಗಿತ್ತಿ ಬಂದಿದ್ದರು. ಬಸವರಾಜೇಶ್ವರಿ. ದಾವಣಗೆರೆ ಕಡೆಯವರು. ಮೊದಲು ಈ ಸಂಬಂಧಕ್ಕೆ ಒಪ್ಪಿರಲಿಲ್ಲ — ನಾವು ಬೇರೆ, ಅವರು ಬೇರೆ. ಮಗ ಸಮರ್ಥನ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದರಂತೆ. ಒಪ್ಪಿದ ಮೇಲೆ ಮಾತ್ರ ಕೈ ಧಾರಾಳ. ಇವತ್ತು ಒಂದು ಕವರ್ ತಂದು ಮದುಮಗಳ ಕೈಗೆ, ನಾಗರಾಜುವಿನ ಮಗಳು ನಮ್ಮ ಚೈತ್ರಳ ಕೈಗೆ ಕೊಟ್ಟರು.

ಬಾಲಿ. ಐದು ರಾತ್ರಿ. ಗದ್ದೆ ಮಧ್ಯೆ ವಿಲ್ಲಾ. ಬಚ್ಚಲಿಗೂ ಸೂರಿಲ್ಲವಂತೆ, ಆಕಾಶ ನೋಡುತ್ತಾ ಸ್ನಾನ.

ಫೋಟೋ ನೋಡಿದೆ. ಎಲ್ಲರಿಗೂ ತಾವರೆ ಕೊಳ ಕಂಡಿತು. ನನಗೆ ನಿಂತ ನೀರು ಕಂಡಿತು.

"ಬಾಲಿಗೆ ಹೋಗೋದು ಸರಿ ತಾಯಿ, ವಾಲಿ ಒಪ್ಕೋಬೇಕಲ್ಲ" ಅಂದೆ. ಸಮರ್ಥ ಒಬ್ಬನೇ ನಕ್ಕ, ಮರ್ಯಾದೆಗೆ. ಚೈತ್ರ "ಥ್ಯಾಂಕ್ಸ್ ಅತ್ತೆ" ಅಂದಳು. ಮುಖ ಬಿಳಿಚಿಕೊಂಡಿತ್ತು. ಕೇಸರಿಬಾತ್ ಮುಟ್ಟಲಿಲ್ಲ. ತುಪ್ಪದ ವಾಸನೆಗೆ ಎದ್ದು ಹೋದಳು.

ಜನವರಿ 24, ಶುಕ್ರವಾರ. ಸಂಜೆ

ಚೈತ್ರ ಮೇಲೆ ಬಂದಿದ್ದಳು, ನನ್ನ ರೂಮಿಗೆ. ಬ್ಯಾಂಕ್ ಬ್ಯಾಗ್ ಕೂಡ ಕೆಳಗಿಡದೆ ಕೇಳಿದಳು.

"ತಾತ, ಝೀಕಾ ಅಂದ್ರೆ ಏನು?"

ನನ್ನ ಸಬ್ಜೆಕ್ಟು. ಯಾರೂ ಕೇಳದೆ ಎಷ್ಟು ವರ್ಷವಾಗಿತ್ತು. ಖುಷಿಯಲ್ಲಿ ಪಾಠ ಶುರು ಮಾಡಿದೆ. "ಡೆಂಗ್ಯೂ ತರೋ ಸೊಳ್ಳೆನೇ ಕಣೇ. ಹಗಲು ಕಚ್ಚುತ್ತೆ. ದೊಡ್ಡವ್ರಿಗೆ ನಾಲ್ಕು ದಿನ ಜ್ವರ, ದದ್ದು, ಅಷ್ಟೆ. ಎಷ್ಟೋ ಜನಕ್ಕೆ ಬಂದಿದ್ದೇ ಗೊತ್ತಾಗಲ್ಲ. ಆದ್ರೆ ಬಸ್ರಿ ಹೆಂಗಸ್ರಿಗೆ ಬಂದ್ರೆ ಮಗು ತಲೆ ಸರಿಯಾಗಿ ಬೆಳೆಯದೇ ಇರ್ಬೋದು..."

ಅಲ್ಲಿಗೆ ನಿಲ್ಲಿಸಿದೆ. ಅವಳು ಬ್ಯಾಗನ್ನು ಹೊಟ್ಟೆಗೆ ಅವುಚಿ ಹಿಡಿದಿದ್ದಳು.

"ಎಷ್ಟು ವಾರ?"

"ಏಳು."

ಮಾರೇನಹಳ್ಳಿಯ ಒಂದು ಕ್ಲಿನಿಕ್‌ನಲ್ಲಿ ತೋರಿಸಿದ್ದಾರೆ. ಗೊತ್ತಿರುವುದು ಸಮರ್ಥನಿಗೆ ಮಾತ್ರ. ಈಗ ನನಗೆ. ಕ್ರೀಮು, ಪರದೆ, ತುಂಬು ತೋಳು ಎಲ್ಲಾ ಕೇಳಿ ನೋಡಿದಳಂತೆ. ಡಾಕ್ಟ್ರು, ಅಂಥ ಕಡೆ ಹೋಗಲೇಬೇಡಿ ಅಂದರಂತೆ. ರಜೆ ಸಿಗಲಿಲ್ಲ ಎಂದು ಸಮರ್ಥ ಅಮ್ಮನಿಗೆ ಹೇಳಿದ್ದಾನೆ. ಅದಕ್ಕೇನಂತೆ, ಮಾರ್ಚಿಗೆ ಹಾಕಿಸ್ತೀನಿ ಅಂದಿದ್ದಾರೆ ಅವರು.

"ನಿಜ ಹೇಳ್ಬಿಡು. ಮದ್ವೆ ಇನ್ನೇನು ಮೂರು ವಾರ."

"ಹೆಂಗೆ ಹೇಳ್ಲಿ ತಾತ? ಈಗ್ತಾನೆ ಮಗಳೇ ಅಂತ ಕರೀತಾ ಇದಾರೆ. ಇದಕ್ಕೇ ಅವಸರ ಮಾಡಿದ್ರು ಅಂತ ಸಾಯೋವರ್ಗೂ ಅಂತಾರೆ." ಆಮೇಲೆ ಅಂದಳು — "ನೀವೇ ಏನಾದ್ರೂ ಮಾಡಿ. ನಿಮಗಾದ್ರೆ ಸುಳ್ಳು ಚೆನ್ನಾಗಿ ಬರುತ್ತೆ."

ಹೌದು. ಚೆನ್ನಾಗಿ ಬರುತ್ತದೆ.

ಜನವರಿ 27, ಸೋಮವಾರ

ಚೈತ್ರಳ ಹಳೇ ಅಟ್ಲಾಸ್ ಸಿಕ್ಕಿತು. ಪೆನ್ಸಿಲ್ ಹಿಡಿದು ಕೂತೆ. ಸೊಳ್ಳೆ ಇರುವ ಕಡೆ ಗೀಟು. ಥಾಯ್ಲೆಂಡ್, ಶ್ರೀಲಂಕಾ, ಮಾಲ್ಡೀವ್ಸ್... ಅರ್ಧ ಪ್ರಪಂಚ ಹೋಯಿತು. ನವದಂಪತಿಗೆ ಇಷ್ಟವಾಗುವ ಜಾಗಗಳೆಲ್ಲ ಸೊಳ್ಳೆಗೂ ಇಷ್ಟ. ಕೊನೆಗೆ ಉಳಿದದ್ದು ಚಳಿ. ಊಟಿ. ಅಲ್ಲಿ ಊಟ ನಮಗೆ ಮಾತ್ರ.

ಬಾಲಿ ತಪ್ಪಿಸುವುದು ಹೇಗೆ?

ಫೆಬ್ರವರಿ 1, ಶನಿವಾರ

ಮಾಡಬಾರದಿತ್ತು.

ಜೆರಾಕ್ಸ್ ಅಂಗಡಿಯವನ ಫೋನು ಇಸಕೊಂಡೆ. ಬಾಯಿಗೆ ಕರ್ಚೀಫು ಇಟ್ಟುಕೊಂಡು ಬೀಗಿತ್ತಿಗೆ ಹಚ್ಚಿದೆ. "ಮೇಡಮ್, ಬಾಲಿ ವಿಲ್ಲಾದಿಂದ. ಇಲ್ಲಿ ಜ್ವಾಲಾಮುಖಿ ಸ್ವಲ್ಪ ಕೆಮ್ತಾ ಇದೆ. ನಿಮ್ಮ ಬುಕಿಂಗ್ ಕ್ಯಾನ್ಸಲ್."

ಆ ಕಡೆಯಿಂದ ಬೀಗಿತ್ತಿಯ ದನಿ ಬಂತು.

"ಬಾಲಿಯಾಗ ಇಷ್ಟು ಚಂದ ಕನ್ನಡ ಯಾರು ಕಲ್ಸಿದ್ರಿ ಅಜ್ಜಾರ?"

ಅಷ್ಟು ಯೋಚನೆ ಮಾಡಿದವನು ಭಾಷೆಯ ಬಗ್ಗೆ ಯೋಚಿಸಿರಲಿಲ್ಲ. ಅವರು ನಕ್ಕಿದ್ದೇ ನಕ್ಕಿದ್ದು. ಸಂಜೆಯೊಳಗೆ ಎರಡೂ ಮನೆಗೆ ಸುದ್ದಿ. ಊಟದ ಹೊತ್ತಿಗೆ "ತಮಾಷೆ ಬಿಡಿ, ಅಲ್ಲಿ ನಿಜವಾಗ್ಲೂ ಸೊಳ್ಳೆ..." ಅಂತ ಬಾಯಿ ತೆಗೆದೆ. ನಾಗರಾಜು ತಟ್ಟೆಯಿಂದ ತಲೆ ಎತ್ತಲಿಲ್ಲ. "ಸಾಕು ದೊಡ್ಡಪ್ಪ. ವಯಸ್ಸಿಗೆ ಒಂದು ಮರ್ಯಾದೆ ಬೇಡ್ವಾ?"

ಚೈತ್ರ ನನ್ನ ಕಡೆ ನೋಡಲೂ ಇಲ್ಲ. ಹೊಸ ಟಿಕೆಟ್ಟು ಬಂದಿದೆ. ಮಾರ್ಚ್ ನಾಲ್ಕು.

ಫೆಬ್ರವರಿ 6, ಗುರುವಾರ

ಇನ್ನೊಂದು ಸುಳ್ಳು ಹುಡುಕುತ್ತಾ ಕೂತೆ. ಸಿಗುವುದು ಪೂರಾ ನಿಜವೇ. ಎಲ್ಲೂ ಬರೆದಿಲ್ಲ ಇದನ್ನು.

ಎಪ್ಪತ್ತೇಳನೇ ಇಸವಿ. ಕೆಂಗೇರಿಯಲ್ಲಿ ವಠಾರದ ಮನೆ. ಮದುವೆಯಾಗಿ ಒಂದು ವರ್ಷ. ವಾರಕ್ಕೊಮ್ಮೆ ಮನೆಮನೆಯ ತೊಟ್ಟಿ, ಡ್ರಮ್ಮು, ಬಾವಿ ನೋಡಿ, ಬಾಗಿಲ ಪಕ್ಕದ ಗೋಡೆಗೆ ಕೆಂಪು ಬಣ್ಣದಲ್ಲಿ ತಾರೀಖು, ಸಹಿ ಹಾಕಬೇಕು. ನಮ್ಮ ಮನೆಯೂ ನನ್ನದೇ ಲೈನು. ಒಂದು ದಿನ ತಮಾಷೆಗೆ ಮುಂದಿನ ಐದು ವಾರದ ತಾರೀಖು ಒಟ್ಟಿಗೇ ಬರೆದುಬಿಟ್ಟೆ. ಮನೆಗೆ ಮನೆಯವನೇ ಇನ್ಸ್‌ಪೆಕ್ಟರ್ ಅಂದೆ. ಪಂಕಜಾ ಸೆರಗು ಬಾಯಿಗೆ ಒತ್ತಿಕೊಂಡಳು, ನಗು ತಡೆಯಲಿಕ್ಕೆ.

ಐದು ವಾರ ಡ್ರಮ್ಮಿನ ಮುಚ್ಚಳ ಎತ್ತಲಿಲ್ಲ. ಊರೆಲ್ಲ ಎತ್ತಿದೆ.

ಅವಳಿಗೆ ಆಗ ಐದು ತಿಂಗಳು. ದಿನ ಬಿಟ್ಟು ದಿನ ನಡುಕದ ಜ್ವರ ಬಂತು. ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದವನು ನಾನೇ. ಮಲೇರಿಯಾ ಪಾಸಿಟಿವ್. ಮಗು ನಿಲ್ಲಲಿಲ್ಲ. ಆಮೇಲೆ ಯಾವತ್ತೂ ನಿಲ್ಲಲಿಲ್ಲ.

ಆಸ್ಪತ್ರೆಯಿಂದ ಕರೆತಂದ ಮಧ್ಯಾಹ್ನ ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸುತ್ತಿದ್ದೆ. "ಯಾಕೆ ಒರೆಸ್ತಾ ಇದೀರಿ?" ಅಂದಳು ಒಳಗಿಂದ. ಸುಣ್ಣ ಹೊಡೆಸಬೇಕು ಅಂದೆ. ನಲವತ್ತೆರಡು ವರ್ಷ ಜೊತೆಗಿದ್ದಳು. ಮತ್ತೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬದಲಿಗೆ ದಿನಕ್ಕೊಂದು ಜೋಕ್ ಹೇಳಿದೆ.

ಪಂಕಜ ಅಂದರೆ ಕೆಸರಲ್ಲಿ ಹುಟ್ಟಿದ್ದು. ಸೊಳ್ಳೆಯೂ ಅಷ್ಟೇ. ಇದು ಜೋಕಲ್ಲ.

ಫೆಬ್ರವರಿ 13, ಗುರುವಾರ

ಹೇಳಿದೆ.

ಇವತ್ತು ಚಪ್ಪರ. ಬೀಗಿತ್ತಿ ಧಾರೆ ಸೀರೆ ತಂದಿದ್ದರು. ಹಾಲ್‌ನಲ್ಲಿ ಎಲ್ಲರೂ ಇದ್ದರು. ಚೈತ್ರ ಅರಿಸಿನ ಹಚ್ಚಿಸಿಕೊಂಡು ಗೋಡೆಗೊರಗಿ ಕೂತಿದ್ದಳು. ಮಾತು ಮತ್ತೆ ಬಾಲಿಗೆ ಬಂತು. ಜೋಕಿಲ್ಲದೆ ಹೇಗೆ ಶುರು ಮಾಡುವುದೋ ತಿಳಿಯಲಿಲ್ಲ. ಎದ್ದು ನಿಂತೆ.

"ಬಸವರಾಜೇಶ್ವರಿಯವ್ರೇ, ಒಂದು ಮಾತು."

"ಮತ್ತ ಜ್ವಾಲಾಮುಖಿ ಏನ್ರೀ ಅಜ್ಜಾರ?" ಎಲ್ಲರೂ ನಕ್ಕರು.

ನಗು ಮುಗಿಯುವವರೆಗೆ ಕಾದೆ. ಆಮೇಲೆ ಗೋಡೆ, ತಾರೀಖು, ಡ್ರಮ್ಮು, ಐದು ತಿಂಗಳು, ಒದ್ದೆ ಬಟ್ಟೆ — ಎಲ್ಲಾ ಹೇಳಿದೆ. ಮಧ್ಯೆ ಒಂದೂ ಪದ ತಿರುಚಲಿಲ್ಲ. ಕೊನೆಗೆ ಇಷ್ಟೇ ಅಂದೆ — "ಹೊಸದಾಗಿ ಮದ್ವೆ ಆಗೋರು. ಯಾವಾಗ ಏನೋ ಯಾರಿಗೆ ಗೊತ್ತು. ಈ ಹುಡುಗೀನ ಸೊಳ್ಳೆ ಇರೋ ಕಡೆ ಕಳಿಸ್ಬೇಡಿ ತಾಯಿ. ಒಬ್ಬಳನ್ನ ನಾನು ನೋಡಿದೀನಿ."

ಲತಾ ನಾಗರಾಜುವಿನ ಮುಖ ನೋಡಿದಳು, ಇದು ನಿಜವೋ ಎಂದು. ಅವನು ಗೊತ್ತಿಲ್ಲ ಎಂಬಂತೆ ತುಟಿ ಮಾಡಿದ.

ಬೀಗಿತ್ತಿ ಸೀರೆ ಮಡಿಲಿಂದ ಕೆಳಗಿಟ್ಟರು.

"ಏನು ಕೂಸ್ರೀ ಅದು?"

"ಹೆಣ್ಣು."

"ಹೆಸರು ಇಟ್ಟಿದ್ರೇನು?"

ನನಗೆ ಯಾರೂ ಕೇಳಿರಲಿಲ್ಲ ಇದನ್ನು. ಇಲ್ಲ ಅಂತ ತಲೆ ಆಡಿಸಿದೆ. ಅವರು ಚೈತ್ರಳ ಕಡೆ ತಿರುಗಿದರು. ಮುಖ ನೋಡಿದರು, ಪಕ್ಕದಲ್ಲಿ ಅರ್ಧ ಕುಡಿದು ಇಟ್ಟಿದ್ದ ನಿಂಬೆ ಪಾನಕ ನೋಡಿದರು.

"ಬಾಲಿ ಬ್ಯಾಡ. ಊಟಿಗೆ ಹೋಗ್ರಿ. ಸಮರ್ಥ, ಘಾಟ್‌ನಾಗ ಕಾರು ನಿಧಾನಕ್ಕ ಬಿಡು. ತಿರುವು ಭಾಳ ಅದಾವ. ಈಕಿಗೆ ವಾಂತಿ ಆಗ್ತದ."

ಅವರಿಗೆ ಗೊತ್ತಾಯಿತು. ಗೊತ್ತಾದದ್ದನ್ನು ಯಾರಿಗೂ ಗೊತ್ತು ಮಾಡಲಿಲ್ಲ. ಚೈತ್ರಳ ತಲೆ ಸವರಿ ಸೀರೆ ಬಿಚ್ಚಿ ತೋರಿಸತೊಡಗಿದರು. ಚೈತ್ರ ಅಳುತ್ತಿದ್ದಳು.

ಫೆಬ್ರವರಿ 14, ಶುಕ್ರವಾರ

ಕಾಫಿ ರೂಮಿಗೇ ಬಂತು. ಲತಾ ಬಾಗಿಲಲ್ಲೇ ನಿಂತಳು.

"ಮಾವ, ನಿನ್ನೆ ಹೇಳಿದ್ದು..."

"ಕಾಫಿಗೆ ಸಕ್ರೆ ಕಮ್ಮಿ."

ಕೆಳಗೆ ಇಳಿದು ಹೋದಳು. ಯಾಕೆ ಹಾಗಂದೆನೋ.

ಫೆಬ್ರವರಿ 22, ಶನಿವಾರ. ಬೆಳಿಗ್ಗೆ 11

ಭಾನುವಾರ ಮದುವೆ ಆಯಿತು. ಚೆನ್ನಾಗಿ ಆಯಿತು. ಬೀಗಿತ್ತಿ ಊಟಕ್ಕೆ ನನ್ನ ಪಕ್ಕದಲ್ಲೇ ಕೂತರು. ಹೋಳಿಗೆಗೆ ತುಪ್ಪ ಹಾಕಿಸಿದರು.

ಮಕ್ಕಳು ಬುಧವಾರ ಊಟಿಗೆ ಹೋಗಿದ್ದಾರೆ. ಆರು ದಿನದಿಂದ ಮನೆ ಖಾಲಿ. ನಾಗರಾಜು, ಲತಾ ಕೆಳಗಿದ್ದಾರೆ. ಇದ್ದಾರೆ ಅಷ್ಟೆ. ನಾನು ಇಳಿದರೆ ಮಾತು ನಿಲ್ಲುತ್ತದೆ. ಮೊದಲು ಜೋಕಿಗೆ ಹೆದರುತ್ತಿದ್ದರು, ಈಗ ಜೋಕ್ ಮಾಡದಿದ್ದರೆ ಹೆದರುತ್ತಾರೆ.

ಈಗ ಚೈತ್ರ ಫೋನ್ ಮಾಡಿದ್ದಳು. ಹಲ್ಲು ಕಟಕಟ ಅನ್ನುವಷ್ಟು ಚಳಿಯಂತೆ. ಒಂದೂ ಸೊಳ್ಳೆ ಕಂಡಿಲ್ಲವಂತೆ.

"ತಾತ, ಹೊರಡೋ ಮುಂಚೆ ಸ್ಕ್ಯಾನ್ ಮಾಡ್ಸಿದ್ವಿ. ಹಾರ್ಟ್‌ಬೀಟ್ ಕೇಳಿಸ್ತು. ಕುದುರೆ ಓಡ್ದಂಗೆ."

"ಹೆಣ್ ಕುದುರೆನೋ ಗಂಡ್ ಕುದುರೆನೋ?"

ನಕ್ಕಳು. ಎಷ್ಟು ದಿನವಾಗಿತ್ತು ಯಾರಾದರೂ ನಕ್ಕು. ಆಮೇಲೆ ದನಿ ತಗ್ಗಿಸಿ ಅಂದಳು — "ಅವತ್ತು ಎಂಥಾ ಕಥೆ ಕಟ್ಬಿಟ್ರಿ ತಾತ! ಗೋಡೆ, ಡ್ರಮ್ಮು... ನಂಗೇ ಅಳು ಬಂದ್ಬಿಡ್ತು. ಸಮರ್ಥ್ ಹೇಳ್ತಾ ಇದ್ರು, ಅತ್ತೇನೂ ನಂಬೋ ಹಂಗೆ ಸುಳ್ಳು ಹೇಳೋಕೆ ತಾತನೇ ಬೇಕು ಅಂತ. ಹೆಂಗೆ ಹೊಳೀತು ನಿಮಗೆ?"

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಚೆನ್ನಾಗಿತ್ತಾ?" ಅಂದೆ.

"ಸೂಪರ್ ತಾತ."

ಸಿಗ್ನಲ್ ಹೋಯಿತು. ಹೊರಗೆ ಬಂದು ಮತ್ತೆ ಮಾಡ್ತೀನಿ ಅಂದದ್ದು ಅರ್ಧ ಕೇಳಿಸಿತು.

ಹೇಳಬೇಕು. ಒಬ್ಬಳಿಗಾದರೂ. ಅದು ಕಥೆಯಲ್ಲ ಕಣೇ, ನಿಮ್ಮ ಅಜ್ಜಿ, ನಮ್ಮ ಮಗು, ನನ್ನ ಕೈಬರಹ ಅಂತ. ಪಂಕಜಾಗೆ ಹೇಳದೆ ಉಳಿದದ್ದು ಇವಳಿಗಾದರೂ...

ಆದರೆ ಹನ್ನೊಂದು ವಾರದ ಬಸುರಿಗೆ, ಕುದುರೆ ಸದ್ದು ಈಗಷ್ಟೇ ಕೇಳಿ ಬಂದವಳಿಗೆ — ಐದು ತಿಂಗಳಲ್ಲಿ ಹೀಗೂ ಆಗುತ್ತದೆ, ನಮ್ಮ ಮನೆಯಲ್ಲೇ ಆಯಿತು ಅಂತ ಹೇಗೆ ಹೇಳಲಿ? ಇನ್ನೂ ಎರಡು ತಿಂಗಳು ದಿನಾ ಎಣಿಸುತ್ತಾಳೆ. ಕಥೆ ಅಂದುಕೊಂಡರೆ ನಿದ್ದೆ ಬರುತ್ತದೆ ಅವಳಿಗೆ. ಅಂದುಕೊಳ್ಳಲಿ. ಸೆಪ್ಟೆಂಬರಿನಲ್ಲಿ ಹೆರಿಗೆ ಆಗಲಿ. ಕೂಸು ಕೈಗೆ ಬಂದ ಮೇಲೆ, ಆಗ ಬೇಕಾದರೆ, ನಾನಿದ್ದರೆ...

ಫೋನು ಬರುತ್ತಿದೆ. ಅವಳೇ. ಏನಾದರೂ ನಗಿಸುವಂಥದ್ದು