ಹೆಸರು ಕೊರೆದ ತಟ್ಟೆ

ಹೊನ್ನಾವರ
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ವಿನುತಾ,

ಹೇಗಿದ್ದೀಯ ಮಗಾ? ಪುಟ್ಟಿ ಹೇಗಿದ್ದಾಳೆ? ನಿನಗೆ ನಿದ್ದೆ ಮಾಡಲು ಬಿಡುತ್ತಾಳೋ ಇಲ್ಲವೋ? ಅವಳ ಅಪ್ಪ ಸಂತೋಷ ಹುಟ್ಟಿದ ಮೇಲೆ ಮೂರು ತಿಂಗಳು ನಮ್ಮ ಓಣಿಯವರಿಗೇ ನಿದ್ದೆ ಇರಲಿಲ್ಲ. ಒಳಗಿನ ಊರುಗಳಲ್ಲಿ ಈ ಸಲ ಚಳಿ ಜಾಸ್ತಿ ಎಂದು ಪೇಪರಿನಲ್ಲಿ ಓದಿದೆ. ತಲೆಗೆ ಬಟ್ಟೆ ಕಟ್ಟಿಕೋ ಎಂದು ಹೇಳಲು ಸಂತೆಗುಳಿಯಲ್ಲಿ ನಿನ್ನ ಅಮ್ಮ ಇದ್ದಾರೆ, ಆದರೂ ಹೇಳಿದ್ದೇನೆ. ಆರನೇ ವಾರದ ಚುಚ್ಚುಮದ್ದು ಆಯಿತೆಂದು ಸಂತೋಷ ಹೇಳಿದ. ಪುಟ್ಟಿ ಹುಟ್ಟಿದ ದಿನವೇ ಕುಮಟಾದ ಆಸ್ಪತ್ರೆಯಲ್ಲಿ ಎರಡು ತೊಡೆಗೂ ಒಂದೊಂದು ಸೂಜಿ ಹಾಕಿದ್ದರಲ್ಲ, ಅದು ಅತಿ ಮುಖ್ಯವಾದದ್ದು, ಉಳಿದವನ್ನೂ ತಪ್ಪಿಸಬೇಡಿ. ಎದೆಹಾಲು ಕುಡಿಸಬಹುದೋ ಇಲ್ಲವೋ ಎಂದು ನಿನ್ನ ಅಮ್ಮನಿಗೆ ಸಂಶಯ ಇತ್ತಂತೆ. ಧಾರಾಳವಾಗಿ ಕುಡಿಸಬಹುದು. ಒಬ್ಬರನ್ನಲ್ಲ, ಇಬ್ಬರು ಡಾಕ್ಟರನ್ನು ಕೇಳಿ ಬರೆಯುತ್ತಿದ್ದೇನೆ.

ಇಲ್ಲಿ ನಾವು ಇದ್ದೇವೆ. ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಕಟ್ಟು ಇಳಿಸಿಕೊಂಡು, ಹಂಚಿ, ಮನೆಗೆ ಬರುವ ಹೊತ್ತಿಗೆ ಶರಾವತಿಯ ಮೇಲೆ ಇನ್ನೂ ಮಂಜು ಮಲಗಿರುತ್ತದೆ. ನಮ್ಮ ಹಿತ್ತಲಿನಿಂದ ನೋಡಿದರೆ ಹೊಳೆ ಇಲ್ಲ, ಸೇತುವೆ ಇಲ್ಲ. ರೈಲು ಮಾತ್ರ ಇದೆ. ದೀಪದ ಕಿಟಕಿಗಳ ಒಂದು ಸಾಲು ಬಿಳಿಯ ಒಳಗಿಂದ ಹೊರಟು, ಏನನ್ನೂ ತುಳಿಯದೆ ನಡೆದು, ಮತ್ತೆ ಬಿಳಿಯ ಒಳಗೇ ಕರಗಿಹೋಗುತ್ತದೆ. ಸದ್ದು ಆಮೇಲೆ ಬರುತ್ತದೆ, ಬೇರೆ ಯಾವುದೋ ರೈಲಿನದ್ದು ಎಂಬ ಹಾಗೆ. ಮದುವೆಯಾಗಿ ಬಂದ ಹೊಸತರಲ್ಲಿ ನೀನು ಚಹಾ ಲೋಟ ಹಿಡಿದುಕೊಂಡು ತೆಂಗಿನ ಬುಡದಲ್ಲಿ ನಿಂತು, "ಮಾವಾ, ಈ ರೈಲಿಗೆ ಹಳಿಯೇ ಇಲ್ಲ ಕಾಣ್ತದೆ" ಎಂದಿದ್ದೆ. ಈಗ ನಾನು ಒಬ್ಬನೇ ನಿಲ್ಲುತ್ತೇನೆ. ಕೆಲವು ಸಲ ನಿನ್ನ ಅತ್ತೆ ಜಯಂತಿಯೂ ಬಂದು ನಿಲ್ಲುತ್ತಾಳೆ, ಸ್ವಲ್ಪ ದೂರದಲ್ಲಿ. ಸಂತೋಷ ಅಷ್ಟರಲ್ಲಿ ಐಸ್ ಗಾಡಿ ತೆಗೆದುಕೊಂಡು ಭಟ್ಕಳ ಬಂದರಿಗೆ ಹೋಗಿರುತ್ತಾನೆ. ಈಚೆಗೆ ಬಲೆಗೆ ಬಂಗುಡೆ ಮೀನು ಚೆನ್ನಾಗಿ ಬೀಳುತ್ತಿದೆಯಂತೆ, ಐಸು ಸಾಲುವುದಿಲ್ಲವಂತೆ.

ಪುಟ್ಟಿಯನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಸಂತೆಗುಳಿಯಲ್ಲೇ ಮಾಡಿ, ನಿನ್ನನ್ನು ಅಲ್ಲೇ ಇಟ್ಟುಕೊಳ್ಳುತ್ತೇವೆ ಎಂದು ನಿನ್ನ ಅಮ್ಮ ಸಂತೋಷನಿಗೆ ಫೋನಿನಲ್ಲಿ ಹೇಳಿದ್ದಾರೆ. "ತಟ್ಟೆ ಹೊರಗಿಟ್ಟ ಮನೆಗೆ ನಮ್ಮ ಹುಡ್ಗಿ ಬರೂದಿಲ್ಲ" ಎಂದರಂತೆ. ಅವರ ಮಾತು ತಪ್ಪೆಂದು ನಾನು ಹೇಳಲಾರೆ. ನಿನ್ನ ಬಸಿರಿನ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಎಂದು ಬಂದ ದಿನ ಜಯಂತಿ ನಿನ್ನ ಸ್ಟೀಲ್ ತಟ್ಟೆಯನ್ನು, ನಿನ್ನ ಮದುವೆಗೆ ತವರಿನವರು ಹೆಸರು ಕೊರೆಸಿ ಕೊಟ್ಟ ಅದೇ ತಟ್ಟೆಯನ್ನು, ಒಳಗಿನ ಸಾಲಿನಿಂದ ತೆಗೆದು ಹಿಂಬಾಗಿಲ ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟಳು. ಊಟದಿಂದ ಇದು ಹರಡುವುದಿಲ್ಲ ಮಾರಾಯ್ತಿ ಎಂದೆ. "ಕಾಮಾಲೆ ಅಂದ್ರೆ ಕಾಮಾಲೆ. ನಿಮ್ಮ ಪೇಪರಿನವ್ರಿಗೆ ಎಂತ ಗೊತ್ತು?" ಎಂದಳು. ಒಂದು ವಿಷಯ ಮಾತ್ರ ನೀನು ತಿಳಿದಿರಬೇಕು. ಬಹಳ ವರ್ಷದ ಹಿಂದೆ ನಮ್ಮ ಓಣಿಯ ಬಾವಿ ಕೆಟ್ಟು ಮನೆಮನೆಯಲ್ಲೂ ಕಾಮಾಲೆ ಮಲಗಿದಾಗ, ನೀರು ಕುದಿಸಿ, ಪಾತ್ರೆ ಬೇರೆ ಮಾಡಿ, ನಮ್ಮ ಮನೆಗೆ ಅದು ಹೊಗದಂತೆ ನೋಡಿಕೊಂಡವಳು ಅವಳೇ. ಅದು ನೀರಿನಿಂದ, ಅನ್ನದಿಂದ ಬರುವ ಕಾಮಾಲೆ. ಇದು ರಕ್ತದಿಂದ, ಗಂಡಹೆಂಡಿರ ಸಂಗದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುವಂಥದ್ದು. ಅವಳು ಆ ರೋಗಕ್ಕೆ ಮಾಡಿದ್ದನ್ನೇ ಈ ರೋಗಕ್ಕೂ ಮಾಡಿದಳು. ನೀನು ಒಂದು ವಾರ ಆ ತಟ್ಟೆಯಲ್ಲೇ ಉಂಡು, ತೊಳೆದು, ಕಲ್ಲಿನ ಪಕ್ಕ ಕವುಚಿಟ್ಟು, ಹೆರಿಗೆಗೆಂದು ತವರಿಗೆ ಹೊರಟುಹೋದೆ. ನೀನು ಜಗಳ ಮಾಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಈಗ ಸುದ್ದಿಗೆ ಬರುತ್ತೇನೆ. ಡಿಸೆಂಬರಿನಲ್ಲಿ ಡಾಕ್ಟರ್ ಧನ್ಯಾ ಎಂಬುವರು ಇಲ್ಲಿಯ ಆಸ್ಪತ್ರೆಗೆ ಬಂದಿದ್ದರು. ಒಂದು ವೈದ್ಯಕೀಯ ಕಾಲೇಜಿನಲ್ಲಿ ಈ ವೈರಸ್ಸಿನ ಮೇಲೆಯೇ ಸಂಶೋಧನೆ ಮಾಡುವವರು. ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಒಂದೇ ವೈರಸ್ಸು ಒಬ್ಬರ ಮೈಯಿಂದ ತಾನಾಗಿ ಹೋಗುತ್ತದೆ, ಇನ್ನೊಬ್ಬರ ಯಕೃತ್ತಿನಲ್ಲಿ ಜೀವಮಾನವೆಲ್ಲ ಉಳಿಯುತ್ತದೆ, ಏಕೆ ಎಂದು ಅವರು ಹುಡುಕುತ್ತಿದ್ದಾರೆ. ಅದಕ್ಕೆ ಒಂದೊಂದು ಮನೆಯವರೆಲ್ಲರ ರಕ್ತ ಒಟ್ಟಿಗೇ ಬೇಕು. ಸಂತೋಷ ನಮ್ಮನ್ನೂ ಹೊರಡಿಸಿದ. ಜಯಂತಿ ದಾರಿಯುದ್ದಕ್ಕೂ ಗೊಣಗಿದಳು: "ನಂಗೆಂತಕ್ಕೆ ರಕ್ತ ಪರೀಕ್ಷೆ? ನಾ ಕಲ್ಲು ತಿಂದ್ರೂ ಕರಗ್ಸುವವಳು." ಧನ್ಯಾ ಸೂಜಿ ಹಿಡಿದುಕೊಂಡು, "ಹಾಗಾದ್ರೆ ನಿಮ್ಮ ರಕ್ತವೇ ನಂಗೆ ಮೊದ್ಲು ಬೇಕು ಅಮ್ಮಾ, ಆ ಗುಟ್ಟು ತಿಳ್ಕೊಳ್ತೇನೆ" ಎಂದು ನಕ್ಕರು. ಇವಳಿಗೂ ನಗು ಬಂತು. "ಸಮಾ ಹುಡ್ಗಿ" ಎಂದು ಮೆಚ್ಚಿಕೊಂಡಳು. ಮರುದಿನ ಅವರಿಗೆ ಒಣಸೀಗಡಿ ಕಟ್ಟಿ ಕಳಿಸಿದಳು.

ಈ ತಿಂಗಳ ಮೊದಲ ವಾರ ವರದಿ ಬಂತು. ಸಂತೋಷನ ರಕ್ತದಲ್ಲಿ ವೈರಸ್ ಇದೆ, ಅದು ಎಳವೆಯಿಂದಲೂ ಇದ್ದಿರಬೇಕು. ಆದರೆ ಯಕೃತ್ತು ಚೆನ್ನಾಗಿದೆ, ಆರು ತಿಂಗಳಿಗೊಮ್ಮೆ ನೋಡಿಸಿಕೊಂಡರೆ ಸಾಕಂತೆ. ಇದನ್ನು ಅವನು ನಿನಗೆ ಹೇಳಿದ್ದಾನೆ. ನಿನ್ನದು ಅವನಿಂದ ಈಚೆಗೆ ಬಂದದ್ದೇ ಆಗಿದ್ದರೆ ತಾನಾಗಿ ಹೋಗಿಬಿಡುವ ಸಂಭವ ಹೆಚ್ಚು ಎನ್ನುತ್ತಾರೆ. ಮಾರ್ಚ್ ತಿಂಗಳ ಪರೀಕ್ಷೆ ತಪ್ಪಿಸಬೇಡ. ನನ್ನದೇ ಸೋಜಿಗ. ನನ್ನ ರಕ್ತದಲ್ಲಿ ವೈರಸ್ ಇಲ್ಲ, ಅದರ ಗುರುತು ಇದೆ. ಎಂದೋ ಬಂದಿತ್ತು, ಮೈ ಅದನ್ನು ಓಡಿಸಿತು, ಆ ನೆನಪನ್ನು ಮಾತ್ರ ಇಟ್ಟುಕೊಂಡಿದೆ ಎಂದರು ಧನ್ಯಾ. ಜಯಂತಿ ತನ್ನ ವರದಿಯನ್ನು ಸೀರೆಯ ಕಪಾಟಿನಲ್ಲಿ ಇಟ್ಟುಕೊಂಡಿದ್ದಾಳೆ. ಅದರ ಮಾತೆತ್ತಬಾರದು ಎಂದಿದ್ದಾಳೆ.

ಆಮೇಲೊಂದು ದಿನ ಧನ್ಯಾ ಮನೆಗೆ ಬಂದು ನಮ್ಮ ಜಗಲಿಯಲ್ಲಿ ಕುಳಿತು ಹೇಳಿದ್ದನ್ನು ನಾನು ತಿಳಿದಷ್ಟು ಬರೆಯುತ್ತೇನೆ. ನಮ್ಮ ರಕ್ತದಲ್ಲಿ ಕಾವಲು ತಿರುಗುವ ಕಣಗಳಿವೆ. ಹೊರಗಿನವನು ಬಂದರೆ ಹಿಡಿಯುತ್ತವೆ, ಹೊಡೆದು ಹಾಕುತ್ತವೆ, ಮುಖವನ್ನು ನೆನಪಿಟ್ಟುಕೊಳ್ಳುತ್ತವೆ. ದೊಡ್ಡವರ ಮೈಗೆ ಈ ವೈರಸ್ ಹೊಕ್ಕರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಅದನ್ನು ಹೊರಗೆ ಹಾಕುತ್ತಾರೆ. ಆಗಷ್ಟೇ ಹುಟ್ಟಿದ ಮಗುವಿಗೆ ಬಂದರೆ ಹಾಗಲ್ಲ. ಆ ಕಾವಲಿಗೆ ಇನ್ನೂ ಯಾರು ಒಳಗಿನವರು, ಯಾರು ಹೊರಗಿನವರು ಎಂಬುದು ತಿಳಿದಿರುವುದಿಲ್ಲ. ಬಂದವನನ್ನು ಮನೆಯವನೇ ಎಂದುಕೊಂಡು ಸುಮ್ಮನಿರುತ್ತದೆ. ಆ ಸುಮ್ಮನಿರುವಿಕೆಯಲ್ಲಿ ಮೂವತ್ತು ನಲವತ್ತು ವರ್ಷ ಕಳೆಯುತ್ತದೆ. ನೋವಿಲ್ಲ, ಜ್ವರವಿಲ್ಲ. ಅದಕ್ಕೇ ಹುಟ್ಟಿದ ದಿನವೇ ಸೂಜಿ. ಕಾವಲಿಗೆ ಮೊದಲೇ ಮುಖ ತೋರಿಸಿಡುವುದು.

ಅದನ್ನು ಕೇಳಿದ ಮೇಲೆ ಬೆಳಗಿನ ಮಂಜಿನಲ್ಲಿ ನಿಂತಾಗ ನನಗೆ ಏನೇನೋ ಕಾಣುತ್ತದೆ. ಮೈಯೊಳಗೂ ಹೀಗೇ ಒಂದು ಹೊಳೆ ಇರಬಹುದು, ದಡ ಕಾಣದ್ದು. ಅದರ ಮೇಲೆ ದೀಪ ಹಿಡಿದವರು ಓಡಾಡುತ್ತಿರಬಹುದು, ಒಬ್ಬೊಬ್ಬರ ಮುಖ ನೋಡಿ ಮುಂದೆ ಬಿಡುತ್ತಾ. ನಾನು ಮರೆತದ್ದನ್ನು ಅವರು ಮರೆತಿಲ್ಲ. ವರದಿ ನೋಡಿದ ಮೇಲೆಯೇ ನನಗೂ ನೆನಪಾಯಿತು: ಮದುವೆಯಾದ ಮಾರನೇ ವರ್ಷ ನನಗೆ ಕಾಮಾಲೆಯಾಗಿತ್ತು. ಕಣ್ಣು, ಉಗುರು, ಬೆವರು ಒರೆಸಿದ ಪಂಚೆ ಎಲ್ಲ ಹಳದಿ. ಜಯಂತಿ ಆಗ ಇಪ್ಪತ್ತರ ಹುಡುಗಿ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದಳು. ನನಗೆ ಪಥ್ಯ, ಉಪ್ಪಿಲ್ಲದ ಗಂಜಿ. ಒಗ್ಗರಣೆಯ ವಾಸನೆ ನನಗೆ ತಾಗಬಾರದೆಂದು ಮನೆಯಲ್ಲಿ ಮೀನು ಸಾರೇ ಆಗಲಿಲ್ಲ. ನಾನು ಅರ್ಧ ಬಿಟ್ಟ ಗಂಜಿಯನ್ನು ಅದೇ ತಟ್ಟೆಯಲ್ಲಿ ಅವಳು ಕುಡಿಯುತ್ತಿದ್ದಳು. ನೀನ್ಯಾಕೆ ಉಪ್ಪು ಬಿಟ್ಟೆ ಎಂದರೆ, "ಒಬ್ಬರೇ ಸಪ್ಪೆ ತಿಂದ್ರೆ ಬೇಜಾರಾತದೆ" ಎನ್ನುತ್ತಿದ್ದಳು. ಜ್ವರದ ಮಂಪರಿನಲ್ಲಿ ಅವಳ ಬಳೆಯ ಸದ್ದು ಹತ್ತಿರ ಬರುವುದು, ದೂರ ಹೋಗುವುದು ಇಷ್ಟೇ ಕೇಳುತ್ತಿತ್ತು. ಅವಳ ನೆಲನೆಲ್ಲಿಯೇ ನನ್ನನ್ನು ಉಳಿಸಿತು ಎಂದು ಇಷ್ಟು ವರ್ಷ ಊರಿಗೆಲ್ಲ ಹೇಳುತ್ತಾ ಬಂದೆ. ಧನ್ಯಾ ಅದನ್ನು ಕೇಳಿ, "ನೆಲನೆಲ್ಲಿಯ ಮೇಲೂ ಪರೀಕ್ಷೆಗಳು ನಡೆದಿವೆ, ಸಾಕಷ್ಟು ಆಧಾರ ಸಿಕ್ಕಿಲ್ಲ. ನಿಮ್ಮ ಮೈಯೇ ಗೆದ್ದಿರಬೇಕು" ಎಂದರು. ಜಯಂತಿ ಒಳಗಿನಿಂದಲೇ, "ಮೈಗೆ ಗಂಜಿ ಹಾಕಿದ್ದು ಯಾರಂತೆ?" ಎಂದಳು.

ಬಿಸಿಲು ಏರಿತು, ಮಂಜು ಹೋಯಿತು. ಸೇತುವೆಯ ಕಂಬಗಳೆಲ್ಲ ಕಾಣುತ್ತಿವೆ. ನೀನು ಹಾಕಿದ ಮಂಗಳೂರು ಮಲ್ಲಿಗೆಯ ಗಿಡ ಕೊಟ್ಟಿಗೆಯ ಮಾಡಿನ ಹಂಚಿನ ಮೇಲೆಲ್ಲ ಹಬ್ಬಿದೆ. ಕೊಯ್ಯುವವರಿಲ್ಲ. ನಿನ್ನ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಗದ್ದೆಯ ಕಡೆ ಹೋದಾಗ ಪುಟ್ಟಿಗೆ ಅಲ್ಲಿಯ ಹೆಂಗಸರ ಹಾಡು ಕೇಳಿಸು, ಇಲ್ಲಿ ನಮಗೆ ರೈಲಿನದ್ದೇ ಹಾಡು. ನಿನ್ನ ಮೈ ಗಟ್ಟಿಯಾಗಲಿ, ಮಗುವಿನ ಕಾವಲು ಎಚ್ಚರವಾಗಿರಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಗೊತ್ತಿಲ್ಲ.

ನಿನ್ನ ಮಾವ,
ನಾಗಭೂಷಣ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಜಯಂತಿಯ ರಕ್ತದಲ್ಲೂ ಅದೇ ಇದೆ. ಅವಳು ಹುಟ್ಟಿದಾಗಿನಿಂದಲೂ ಇದ್ದಿರಬಹುದು ಎನ್ನುತ್ತಾರೆ. ಯಕೃತ್ತು ಸ್ವಲ್ಪ ಗಟ್ಟಿಯಾಗಿದೆ, ದಿನಕ್ಕೊಂದು ಮಾತ್ರೆ ಶುರುವಾಗಿದೆ, ಈಗ ಹೆದರುವಂಥದ್ದೇನಿಲ್ಲ. ವರದಿ ಬಂದ ದಿನ, "ಸಂತೋಷಂಗೂ ನಾನೇ ಕೊಟ್ನಾ? ನಿಮಗೂ ನಾನೇ?" ಎಂದು ಕೇಳಿದಳು. ಯಾರೂ ಯಾರಿಗೂ ಕೊಡುವುದಲ್ಲ ಇದು, ನಿನಗೂ ನಿನ್ನ ಅಮ್ಮನಿಂದ ಬಂದಿರಬಹುದು ಎಂದೆ. ಕೇಳಿದಳೋ ಇಲ್ಲವೋ. ಎದ್ದು ಹಿಂಬಾಗಿಲಿಗೆ ಹೋಗಿ, ಕಲ್ಲಿನ ಪಕ್ಕ ಕವುಚಿದ್ದ ನಿನ್ನ ತಟ್ಟೆಯನ್ನು ತೊಳೆದು, ಅದರಲ್ಲಿ ಬಡಿಸಿಕೊಂಡು ಹೊಸ್ತಿಲ ಆಚೆ ಕುಳಿತಳು. ಅಂದಿನಿಂದ ಅಲ್ಲೇ, ಅದರಲ್ಲೇ ಉಣ್ಣುತ್ತಾಳೆ. ನಾನು ಹೇಳಿದೆ, ಸಂತೋಷ ಹೇಳಿದ, ಧನ್ಯಾ ಬಂದು ಪಕ್ಕದಲ್ಲೇ ಕುಳಿತು ಹೇಳಿದರು. "ವಿನುತಾ ಉಂಡಿಲ್ವಾ? ನಾ ಉಂಡ್ರೆ ಎಂತಾತದೆ?" ಎನ್ನುತ್ತಾಳೆ. ನಿನಗೆ ಬಾಯಿ ಬಿಟ್ಟು ಹೇಳಬಾರದು ಎಂದು ಪುಟ್ಟಿಯ ಮೇಲೆ ಆಣೆ ಹಾಕಿಸಿದ್ದಾಳೆ, ಅದಕ್ಕೇ ಸಂತೋಷನೂ ಸುಮ್ಮನಿದ್ದಾನೆ. ನಾನು ಬಾಯಿ ಬಿಟ್ಟಿಲ್ಲ, ಬರೆದಿದ್ದೇನೆ. ನಿನ್ನನ್ನು ಕರೆಯುವ ಮುಖ ಅವಳಿಗಿಲ್ಲ, ನಾನು ಕರೆಯುತ್ತಿದ್ದೇನೆ. ಒಂದು ದಿನದ ಮಟ್ಟಿಗಾದರೂ ಬಾ. ಆಮೇಲೆ ಇರುವುದು ಬಿಡುವುದು ನಿನ್ನ ಇಷ್ಟ. ಬಂದವಳು ಹಿಂಬಾಗಿಲಿಗೆ ಹೋಗಿ ಅವಳ ಎದುರು ಕುಳಿತು, "ಅತ್ತೇ, ಅದು ನನ್ನ ತಟ್ಟೆ, ಇಲ್ಲಿ ಕೊಡಿ" ಎನ್ನು. ನಿನ್ನ ಹೆಸರು ಇರುವುದರಿಂದ ನಿನಗೆ ಮಾತ್ರ ಕೊಡುತ್ತಾಳೆ.