ಸಂಕದ ಬೀಗ ಮತ್ತು ನನ್ನ ತಂದೆಯ ಮಯ್ಯತ್

ಪಾರಂಪರಿಕ ಸೇತುವೆಯ ಬೀಗದ ಕೈ ಇಟ್ಟುಕೊಂಡಿರುವ ಮಾನ್ಯ ಆಯುಕ್ತರೇ,

ನೀವು ಕೂರಿಸಿದ ತಿರುಗುವ ಗೇಟಿನಲ್ಲಿ ಹೆಣ ದಾಟುವುದಿಲ್ಲ. ಮೊದಲ ಸಾಲಿನಲ್ಲೇ ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಉದ್ದದ ಪತ್ರಗಳನ್ನು ನಿಮ್ಮ ಕಚೇರಿಯಲ್ಲಿ ಯಾರೂ ಕೊನೆಯವರೆಗೆ ಓದುವುದಿಲ್ಲವೆಂದು ಕೇಳಿದ್ದೇನೆ. ಆ ಗೇಟಿನಲ್ಲಿ ಒಬ್ಬೊಬ್ಬರಾಗಿ ನುಸುಳಬೇಕು. ಸತ್ತವರು ಹಾಗೆ ಒಬ್ಬರೇ ನುಸುಳಿ ಹೋಗುವುದಿಲ್ಲ ಸ್ವಾಮೀ, ಅವರಿಗೆ ನಾಲ್ಕು ಜನರ ಹೆಗಲು ಬೇಕು. ಅದರ ಪಕ್ಕದಲ್ಲೇ ದೊಡ್ಡ ಗೇಟೊಂದನ್ನು ಮಾಡಿಸಿ ಬೀಗ ಜಡಿದಿದ್ದೀರಿ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ತಂದೆ ನೂರ್ ಮುಹಮ್ಮದ್ ತೀರಿಕೊಂಡರು. ಆ ಬೀಗ ಅವರಿಗೆ ತೆರೆಯಲಿಲ್ಲ.

ನಿಮ್ಮ ಫಲಕದಲ್ಲಿ ಅದು ‘ಪಾರಂಪರಿಕ ಸೇತುವೆ’. ನಮ್ಮ ಬಾಯಲ್ಲಿ ಅದು ಕರ್ಬದ ಸಂಕ, ಅಂದರೆ ಕಬ್ಬಿಣದ ಸೇತುವೆ. ಬ್ರಿಟಿಷರ ಕಾಲದ್ದು. ರೈಲಿಗೊಂದು, ರಸ್ತೆಗೊಂದು ಎಂದು ಕಟ್ಟುವಷ್ಟು ಧಾರಾಳ ಅವರಿಗೂ ಇರಲಿಲ್ಲ. ನಡುವೆ ಹಳಿ, ಹಳಿಯ ಆಚೀಚೆ ಡಾಮರು. ಗೂಡ್ಸ್ ರೈಲು ಬರುವಾಗ ಎರಡೂ ತುದಿಯ ಗೇಟು ಬೀಳುತ್ತಿತ್ತು. ಮೀನಿನ ಟೆಂಪೊ, ಶಾಲೆಯ ಮಕ್ಕಳು, ಬಂದರ್‌ನಲ್ಲಿ ಒಣಮೆಣಸಿನ ಸಗಟು ಅಂಗಡಿ ಇಟ್ಟುಕೊಂಡಿರುವ ನಮ್ಮಂಥವರು, ಎಲ್ಲರೂ ಬೆವರು ಒರೆಸಿಕೊಂಡು ಕಾಯುತ್ತಿದ್ದೆವು. ರೈಲು ಹೋದ ಮೇಲೆ ಹಳಿ ತುಳಿದುಕೊಂಡೇ ದಾಟುತ್ತಿದ್ದೆವು.

ನಮ್ಮ ಮನೆಗಳು ಹೊಳೆಯ ಈ ದಡದಲ್ಲಿ. ಮಸೀದಿ ಮತ್ತು ದಫನ ಭೂಮಿ ಬಂದರ್‌ನ ದಡದಲ್ಲಿ. ಹಾಗಾಗಿ ಈ ಕಡೆ ಯಾರು ಸತ್ತರೂ ಮಯ್ಯತ್, ಅಂದರೆ ಶವ, ಹೋಗುವುದು ಸಂಕದ ಮೇಲೆಯೇ. ಇಲ್ಲಿ ಒಂದು ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ, ಕೇಳಿದವರೂ ಇರಲಿಕ್ಕಿಲ್ಲ. ನಮ್ಮಲ್ಲಿ ಹೆಂಗಸರು ದಫನಕ್ಕೆ ಹೋಗುವ ಕ್ರಮವಿಲ್ಲ. ಹೆಗಲು ಕೊಡುವವರು ಗಂಡಸರು, ಮಣ್ಣು ಹಾಕುವವರೂ ಗಂಡಸರು. ಆದರೆ ನಮ್ಮ ಅಂಗಳದಲ್ಲಿ ನಿಂತರೆ ಸಂಕ ಈ ತುದಿಯಿಂದ ಆ ತುದಿಯವರೆಗೆ ಕಾಣುತ್ತದೆ. ಹೆಗಲಿಂದ ಹೆಗಲಿಗೆ ಬದಲಾಗುತ್ತ ಮಯ್ಯತ್ತಿನ ಮಂಚ ನಿಧಾನವಾಗಿ ಹೊಳೆ ದಾಟುವುದನ್ನು ನಮ್ಮ ಅಜ್ಜಿಯಂದಿರು, ಚಿಕ್ಕಮ್ಮಂದಿರು ಎಲ್ಲರೂ ಅಲ್ಲಿಂದಲೇ ನೋಡಿದ್ದಾರೆ. ಅದು ಆಚೆ ಮುಟ್ಟಿದ ಮೇಲೆಯೇ ಒಳಗೆ ಬಂದು ಅಳುವುದು. ಗಂಡನನ್ನು, ಮಗನನ್ನು ಕಳಿಸಿಕೊಡಲು ಈ ದಡದ ಹೆಂಗಸರಿಗೆ ಇದ್ದದ್ದು ಅಷ್ಟೇ. ನೀವು ಕಿತ್ತುಕೊಂಡದ್ದು ಅದನ್ನು.

ಇದಕ್ಕೆಲ್ಲ ಯಾವ ಆದೇಶವೂ ಇರಲಿಲ್ಲ. ಗೇಟ್‌ಮ್ಯಾನ್ ದುಗ್ಗಪ್ಪಣ್ಣ ಇರುವಷ್ಟು ಕಾಲ ಆದೇಶ ಬೇಕಾಗಿಯೂ ಇರಲಿಲ್ಲ. ನನ್ನ ಅಜ್ಜಿಯ ಮಯ್ಯತ್ ಹೊರಟ ದಿನ ಗೂಡ್ಸ್ ರೈಲು ಬರುವ ಹೊತ್ತಾಗಿತ್ತು. ತಂದೆಯವರು ಮಂಚವನ್ನು ಕೆಳಗಿಳಿಸೋಣವೇ ಎಂದು ಕೇಳಿದ್ದಕ್ಕೆ ದುಗ್ಗಪ್ಪಣ್ಣ, “ಎಂತಕ್ಕೆ ಮಾರಾಯ್ರೆ? ರೈಲಲ್ಲಿ ಗೊಬ್ಬರ ಉಂಟು, ಅದಕ್ಕೆ ಎಂತ ಅರ್ಜೆಂಟ್? ಸ್ಟೇಷನ್ನಿಗೆ ಫೋನ್ ಮಾಡಿ ಆಯ್ತು. ನೀವು ಹೋಗಿ” ಎಂದಿದ್ದರು. ಗೊಬ್ಬರದ ರೈಲು ಸಿಗ್ನಲ್ಲಿನ ಹೊರಗೆ ನಿಂತಿತು. ಅದರಿಂದ ದೇಶದ ಕೃಷಿ ಹಾಳಾದ ಸುದ್ದಿಯೇನೂ ಬರಲಿಲ್ಲ.

ಆಮೇಲೆ ವಾಹನಗಳಿಗೆ ದೂರದಲ್ಲಿ ಹೊಸ ಸೇತುವೆ ಬಂತು. ಒಳ್ಳೆಯದೇ ಆಯಿತು, ಅದಕ್ಕೆ ನನ್ನ ತಕರಾರಿಲ್ಲ. ಹಳೆಯ ಸಂಕ ರೈಲಿಗೂ ನಡೆದು ಹೋಗುವವರಿಗೂ ಉಳಿಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಆದರೆ ನಿಮಗೆ ಪರಂಪರೆಯ ಮೇಲೆ ಪ್ರೀತಿ ಉಕ್ಕಿತು. ತುಕ್ಕು ತಿಂದ ಬೋಲ್ಟುಗಳನ್ನು ಮುಟ್ಟದೆ ಅವುಗಳ ಮೇಲೆಯೇ ಬಣ್ಣ ಬಳಿಸಿದಿರಿ. ನೀಲಿ, ನೇರಳೆ ದೀಪ ಹಾಕಿಸಿದಿರಿ. ಎರಡೂ ತುದಿಯಲ್ಲಿ ತಿರುಗುವ ಗೇಟು ಕೂರಿಸಿ, ದೊಡ್ಡ ಗೇಟಿನ ಕೀಲಿಯನ್ನು ನಿಮ್ಮ ಕಚೇರಿಗೆ ಒಯ್ದಿರಿ. ಮದುವೆಗೆ ಮುಂಚಿನ ಫೋಟೊಶೂಟ್‌ಗಳಿಗೆ ಮಾತ್ರ ಶುಲ್ಕ ಪಡೆದು ದೊಡ್ಡ ಗೇಟು ತೆರೆಯುವ ಏರ್ಪಾಡು ಮಾಡಿದಿರಿ. ಪರಂಪರೆ ಎಂದರೆ ಯಾರದ್ದು ಮಾನ್ಯರೇ? ಕಬ್ಬಿಣದ್ದೋ, ಅದರ ಮೇಲೆ ನಡೆದವರದ್ದೋ?

ಇನ್ನು ಆ ದಿನದ್ದು. ತಂದೆ ನಸುಕಿನ ಸುಬ್‌ಹಿ ನಮಾಝಿನ ಹೊತ್ತಿಗೆ ಕಣ್ಣು ಮುಚ್ಚಿದರು. ನಮ್ಮಲ್ಲಿ ಮಯ್ಯತ್ತನ್ನು ಇಟ್ಟುಕೊಂಡು ಕೂರುವುದಿಲ್ಲ, ಅದೇ ದಿನ ದಫನ ಆಗಬೇಕು. ನನ್ನ ತಮ್ಮ ರಾಝಿಕ್ ಕೀಲಿ ಕೇಳಲು ನಿಮ್ಮ ಕಚೇರಿಗೆ ಓಡಿದ. ಜತೆಗೆ ಪಕ್ಕದ ಮನೆಯ ಹೃಷೀಕೇಶ ಭಟ್ಟರೂ ಹೋದರು. ಬೆಳಗಿನ ಪೂಜೆಯನ್ನು ತಮ್ಮ ಸೋದರನಿಗೆ ಒಪ್ಪಿಸಿ, ಜುಟ್ಟು ಕಟ್ಟಿದ ಹಾಗೆಯೇ ಹೊರಟಿದ್ದರು. ನಿಮ್ಮ ಅಧಿಕಾರಿ ಕುರ್ಚಿಯಿಂದ ಏಳದೆ ಹೇಳಿದ್ದು ಇಷ್ಟು: ಗುಂಪಾಗಿ ದಾಟುವುದೆಲ್ಲ ‘ಕಾರ್ಯಕ್ರಮ’ವಂತೆ. ಕಾರ್ಯಕ್ರಮಕ್ಕೆ ಮೂರು ಕೆಲಸದ ದಿನ ಮೊದಲೇ ಅರ್ಜಿ ಕೊಡಬೇಕಂತೆ.

“ಸಾಯುವುದು ಮೂರು ದಿನ ಮೊದಲೇ ಗೊತ್ತಾಗ್ತದಾ ಸರ್?” ಎಂದು ರಾಝಿಕ್ ಕೇಳಿದ.

“ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ” ಎಂದರು. ಆಮೇಲೆ ಭಟ್ಟರ ಕಡೆ ತಿರುಗಿ, “ನಿಮಗೂ ಇದಕ್ಕೂ ಏನು ಸಂಬಂಧ?” ಎಂದು ಕೇಳಿದರು.

“ಎಂತ ಸಂಬಂಧ ಅಂದ್ರೆ? ನೆರೆಕರೆ ಅಲ್ವಾ? ನಿಮ್ಮ ಕಡೆ ನೆರೆಕರೆ ಅಂತ ಇಲ್ವಾ?” ಎಂದರು ಭಟ್ಟರು.

ಕೀಲಿ ಬರಲಿಲ್ಲ. ನನ್ನ ತಂದೆಯವರ ಸಾವು ಒಂದು ಕಾರ್ಯಕ್ರಮವೆಂದು ನಮಗೆ ಮೊದಲೇ ತಿಳಿದಿದ್ದರೆ ನಿಮಗೊಂದು ಆಮಂತ್ರಣ ಪತ್ರಿಕೆಯನ್ನಾದರೂ ಕಳಿಸುತ್ತಿದ್ದೆವು.

ಕೊನೆಗೆ ಆಂಬುಲೆನ್ಸ್ ಕರೆಸಿದರು. ಉಮ್ಮನಿಗೆ, ಅಂದರೆ ನಮ್ಮ ತಾಯಿ ಬೀಫಾತಿಮ್ಮನಿಗೆ, ಇದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಂಗಳದಿಂದ ಹೆಗಲ ಮೇಲೆಯೇ ಎತ್ತಿಕೊಂಡು ಹೊರಟರು. ಓಣಿಯ ತಿರುವಿನಾಚೆ ನಿಂತಿದ್ದ ಆಂಬುಲೆನ್ಸಿಗೆ ಹಾಕಿ ಹೊಸ ಸೇತುವೆಯ ದಾರಿ ಹಿಡಿದರು. ಉಮ್ಮ ಅಂಗಳದ ತುದಿಗೆ ಬಂದು ಸಂಕದ ಕಡೆ ಮುಖ ಮಾಡಿ ನಿಂತರು. ಅವರ ಕಣ್ಣಿಗೆ ಪೊರೆ ಬಂದಿದೆ, ದೂರದ್ದು ಮಸುಕು. ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಬರಲಿಲ್ಲ. ಕಾದರು, ಕಾದರು.

ಅದೇ ಹೊತ್ತಿಗೆ ಆಚೆ ತುದಿಯ ದೊಡ್ಡ ಗೇಟು ತೆರೆಯಿತು. ಹೌದು ಮಾನ್ಯರೇ, ತೆರೆಯಿತು. ಫೋಟೊಶೂಟ್ ಇತ್ತು. ಹುಡುಗಿ ಉದ್ದನೆಯ ಬಿಳಿ ಗೌನು ಹಾಕಿದ್ದಳು. ಅದರ ಬಾಲ ನೆಲಕ್ಕೆ ತಾಗದಂತೆ ನಾಲ್ಕು ಜನ ಎತ್ತಿ ಹಿಡಿದುಕೊಂಡು, ಸಂಕದ ನಡುವಿನಿಂದ ಬಂದರ್‌ನ ಕಡೆಗೆ ನಿಧಾನವಾಗಿ ನಡೆಯುತ್ತಿದ್ದರು. ಉಮ್ಮ ನನ್ನ ತೋಳು ಹಿಡಿದರು.

“ಅಗೋ, ಕೊಂಡುಹೋಗ್ತಾ ಇದ್ದಾರೆ. ಬಿಳಿ ಕಫನ್ ಹೊದಿಸಿದ್ದಾರೆ ನೋಡು. ಅವಸರ ಮಾಡ್ತಾ ಇಲ್ಲ, ಒಳ್ಳೆದಾಯ್ತು” ಎಂದರು. ಎರಡೂ ಕೈ ಎತ್ತಿ ದುಆ ಮಾಡಿದರು. ಐವತ್ತು ವರ್ಷ ಜತೆಗೆ ಬಾಳಿದ ಗಂಡನಿಗಾಗಿ ನನ್ನ ತಾಯಿ ಒಂದು ಗೌನಿನ ಮುಂದೆ ಕಣ್ಣೀರಿಟ್ಟು ಬೇಡಿಕೊಂಡರು. ನಾನು ಪಕ್ಕದಲ್ಲಿ ನಿಂತು ‘ಆಮೀನ್’ ಹೇಳಿದೆ. ಬೇರೆ ಏನು ಹೇಳಬೇಕಿತ್ತು, ನೀವೇ ಹೇಳಿ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳ ಬಾಳು ಚೆನ್ನಾಗಿರಲಿ. ನನಗೆ ಅಸಹ್ಯವಾಗುವುದು ನಿಮ್ಮ ಕೀಲಿಯ ಬಗ್ಗೆ. ಥೂ, ಎಂಥ ಕೀಲಿ ಅದು! ಗೌನಿಗೆ ಸಿಗುತ್ತದೆ, ಕಫನಿಗೆ ಸಿಗುವುದಿಲ್ಲ.

ಮರುವಾರ ದೂರು ಕೊಟ್ಟಾಗ ನಿಮ್ಮ ಕಚೇರಿ ಎರಡು ಕಾರಣ ಕೊಟ್ಟಿತು. ಒಂದು, ರೈಲು ಓಡುವ ಸೇತುವೆಯಲ್ಲಿ ಸಾರ್ವಜನಿಕರ ಸುರಕ್ಷತೆ. ಕ್ಯಾಮರಾ ಹಿಡಿದು ಹಳಿಯ ಮೇಲೆ ಹಿಂದಕ್ಕೆ ಹಿಂದಕ್ಕೆ ನಡೆಯುವವನು ಸುರಕ್ಷಿತ, ತಲೆ ತಗ್ಗಿಸಿ ನಡೆಯುವ ನಾವು ಅಪಾಯ. ಇರಲಿ. ಇನ್ನೊಂದು, ‘ಪರ್ಯಾಯ ಮಾರ್ಗ ಲಭ್ಯವಿದೆ’. ಇದೆ, ಇಲ್ಲವೆಂದವರು ಯಾರು? ಮಯ್ಯತ್ತಿಗೆ ಪರ್ಯಾಯ ಮಾರ್ಗವಿದೆ. ಅಂಗಳದಲ್ಲಿ ನಿಂತವಳಿಗೆ ಎಲ್ಲಿದೆ? ಗಂಡ ಸತ್ತ ಮೇಲೆ ಇದ್ದತ್ ಎಂದು ತಿಂಗಳುಗಟ್ಟಲೆ ಹೊಸ್ತಿಲು ದಾಟದೆ ಕೂರಬೇಕಾದ ಹೆಂಗಸಿಗೆ ಹೆದ್ದಾರಿಯಲ್ಲಿ ಹೋದ ಆಂಬುಲೆನ್ಸಿನ ಯಾವ ಕಿಟಕಿ ಕಾಣುತ್ತದೆ?

ಉಮ್ಮನ ಇದ್ದತ್ ಮುಗಿದಿದೆ. ಈಗ ಸಂಜೆ ಅಂಗಳದಲ್ಲಿ ಕುಳಿತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾರೆ: “ಅವರನ್ನು ಚಂದದಲ್ಲಿ ದಾಟಿಸಿದ್ರು. ನಾನು ನೋಡಿದೆ. ನನ್ನನ್ನೂ ಹಾಗೇ ದಾಟಿಸಿ, ಮಗಳು ಜಸೀಲಾ ಇಲ್ಲಿಂದ ನೋಡ್ಲಿ.” ಬಂದವರು ತಲೆಯಾಡಿಸುತ್ತಾರೆ. ಊರಿಗೆಲ್ಲ ಗೊತ್ತು, ಅವರೊಬ್ಬರಿಗೆ ಗೊತ್ತಿಲ್ಲ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಆ ಧೈರ್ಯದಲ್ಲಿ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ದೊಡ್ಡ ಗೇಟಿನ ಕೀಲಿ ಗೇಟಿನಲ್ಲೇ, ಕಾವಲುಗಾರನ ಕೈಯಲ್ಲಿ ಇರಲಿ. ಮಯ್ಯತ್ ಬರಲಿ, ಚಟ್ಟ ಬರಲಿ, ಶವಪೆಟ್ಟಿಗೆ ಬರಲಿ, ರೈಲಿನ ಹೊತ್ತು ನೋಡಿ ಅವನು ತೆರೆಯಲಿ. ಅರ್ಜಿ ಬೇಡ, ಶುಲ್ಕ ಬೇಡ, ‘ಕಾರ್ಯಕ್ರಮ’ ಎಂಬ ಆ ಕೆಟ್ಟ ಮಾತಂತೂ ಬೇಡವೇ ಬೇಡ. ಈ ತಿಂಗಳೊಳಗೆ ಆದೇಶ ಹೊರಡಿಸಿ, ಯಾಕೆಂದರೆ ಉಮ್ಮ ಈಗ ಗಂಜಿಯನ್ನೂ ಅರ್ಧಕ್ಕೇ ಬಿಡುತ್ತಿದ್ದಾರೆ.

ಅದೂ ಆಗುವುದಿಲ್ಲವೆಂದಾದರೆ ದಯವಿಟ್ಟು ಒಂದು ಸಂಜೆ ನಮ್ಮ ಮನೆಗೆ ಬನ್ನಿ. ಉಮ್ಮ ನಿಮ್ಮನ್ನು ಕೂರಿಸಿ ಚಹಾ ಕೊಡುತ್ತಾರೆ, ಸಂಕದತ್ತ ಕೈ ತೋರಿಸಿ ಆ ದಿನದ ಕತೆ ಹೇಳುತ್ತಾರೆ. ಅದು ನಿಮ್ಮ ಗಂಡನಾಗಿರಲಿಲ್ಲಮ್ಮ ಎಂದು ನೀವೇ ಅವರಿಗೆ ತಿಳಿಸಿ. ನನ್ನಿಂದ ಆಗುವುದಿಲ್ಲ.

ಇಂತಿ,
ಗೌನಿಗೆ ಆಮೀನ್ ಹೇಳಿದವಳು,
ನೂರ್ ಮುಹಮ್ಮದರ ಮಗಳು ಜಸೀಲಾ
ಸಂಕದ ಈಚೆ ದಡ, ಮಂಗಳೂರು