ಕರ್ತೃ ಇಲ್ಲದ ವಾಕ್ಯ

ಬ್ರಿಡ್ಲಿಂಗ್‌ಟನ್
೧೪ ಮಾರ್ಚ್ ೧೯೯೪, ಸೋಮವಾರ

ಪ್ರೀತಿಯ ರೊವೀನಾ,

ನಿನ್ನ ಕಾಗದ ಶನಿವಾರ ಬಂತು. ನಿಮ್ಮಪ್ಪ ಸುಧಾರಿಸಿದ್ದಾರೆ, ಕೆಮ್ಮು ಮಾತ್ರ ಬಿಟ್ಟಿಲ್ಲ. ಈ ಚಳಿಯಲ್ಲಿ ಬರಿಗಾಲಲ್ಲಿ ಬಂದರಿನ ತುದಿಯವರೆಗೆ ನಡೆದುಹೋದ ಎಪ್ಪತ್ತೆಂಟರ ಮುದುಕ ಬರೀ ಕೆಮ್ಮಿನಲ್ಲಿ ಪಾರಾದದ್ದೇ ದೊಡ್ಡದು. ಏಡಿ ಬುಟ್ಟಿ ಇಳಿಸುತ್ತಿದ್ದವರು ತೋಳು ಹಿಡಿದು ಎಳೆಯದಿದ್ದರೆ ಇವತ್ತು ಬೇರೆಯೇ ಕಾಗದ ಬರೆಯುತ್ತಿದ್ದೆ.

ಅವರಿರುವ ಆರೈಕೆ ಮನೆಯ ಮೇಲ್ವಿಚಾರಕಿ ಮಿಸೆಸ್ ಕ್ರೌದರ್ ನನಗೆ ಬರೆದದ್ದು ಮೂರೇ ವಾಕ್ಯ. ಒಂದು ಬಾಗಿಲು ತೆರೆದಿಡಲ್ಪಟ್ಟಿತ್ತು. ನಿಮ್ಮ ಯಜಮಾನರು ಬಂದರಿನಲ್ಲಿ ಪತ್ತೆಹಚ್ಚಲ್ಪಟ್ಟರು. ಅಗತ್ಯ ಕ್ರಮ ಕೈಗೊಳ್ಳಲಾಗಿದೆ. ಮೂವತ್ತೊಂದು ವರ್ಷ ಇಂಗ್ಲಿಷ್ ವ್ಯಾಕರಣ ಕಲಿಸಿದವಳ ಕೈಗೆ ಇಂಥ ಕಾಗದ ಕೊಡಬಾರದು. ಕರ್ತರಿ ಪ್ರಯೋಗದಲ್ಲಿ ಮಾಡಿದವರು ಮುಂದೆ ನಿಲ್ಲುತ್ತಾರೆ: ಇಂಥವರು ಬಾಗಿಲು ತೆರೆದಿಟ್ಟರು. ಕರ್ಮಣಿಯಲ್ಲಿ ಬಾಗಿಲೇ ಮುಂದೆ ಬರುತ್ತದೆ, ತೆರೆದವರು ಹಿಂದೆ ಸರಿಯುತ್ತಾರೆ. 'ಇಂಥವರಿಂದ' ಎಂಬುದನ್ನು ಕಿತ್ತುಹಾಕಿದರೂ ವಾಕ್ಯ ಕುಂಟುವುದಿಲ್ಲ. ಮಾಡಿದವರು ಯಾರೆಂದು ಗೊತ್ತಿಲ್ಲದಾಗ ಹಾಗೆ ಬರೆಯುವುದು ತಪ್ಪೇನಲ್ಲ. ಗೊತ್ತಿದ್ದೂ ಬರೆದರೆ ನನಗೆ ಅನುಮಾನ.

ಶುಕ್ರವಾರ ಹೋಗಿ ಮುಖಕ್ಕೇ ಕೇಳಿದೆ, ತೆರೆದಿಟ್ಟವರು ಯಾರು ಎಂದು. ಮಿಸೆಸ್ ಕ್ರೌದರ್ ಹಿಂಬಾಗಿಲು ತೋರಿಸಿದಳು. ಯಾರೋ ಜೆರೇನಿಯಂ ಕುಂಡವನ್ನು ಅಡ್ಡ ಇಟ್ಟು ಅದು ಮುಚ್ಚದ ಹಾಗೆ ಮಾಡಿದ್ದರಂತೆ. "ನೆಲ ಒರೆಸೋ ಡನೂಟಾದೇ ಕೆಲಸ, ಇನ್ಯಾರದ್ದು? ಮುಂದಿನ ಶುಕ್ರವಾರ ಅವಳನ್ನ ಕೆಲಸದಿಂದ ಕಳಿಸ್ತೀವಿ" ಅಂದಳು. ಕಾಗದದಲ್ಲಿ ಇಲ್ಲದ ಹೆಸರು ಬಾಯಲ್ಲಿ ಎಷ್ಟು ಸಲೀಸಾಗಿ ಬಂತು ನೋಡು.

ಡನೂಟಾ ಪೋಲೆಂಡಿನವಳು. ನಿಮ್ಮಪ್ಪನ ಗಡ್ಡ ಹೆರೆಯಲು ಅವರು ಬಿಡುವುದು ಅವಳೊಬ್ಬಳಿಗೇ. ಅಡುಗೆಮನೆಯಲ್ಲಿ ಹಿಡಿದು ಕೇಳಿದೆ. ಒದ್ದೆ ಬಟ್ಟೆ ಹಿಂಡುತ್ತಾ, "ನಾನ್ ತೆಗೀಲಿಲ್ಲ ಮೇಡಂ. ಯಾರು ತೆಗೆದ್ರು ಅಂತ ಅವ್ರಿಗೂ ಹೇಳ್ಲಿಲ್ಲ, ನಿಮಗೂ ಹೇಳಲ್ಲ. ನಿಮ್ಮನೇಲೇ ಕೇಳ್ಕೊಳ್ಳಿ" ಎಂದಳು.

ನಮ್ಮ ಮನೆಯಲ್ಲಿ ಇರುವುದು ನಾನು ಮತ್ತು ಬೆಕ್ಕು. ಸಿಟ್ಟು ಬಂತು, ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. ಮರುದಿನ ನಿನ್ನ ಕಾಗದ ಬಂತು. 'ಹಿಂಬಾಗಿಲಿಗೆ ಕುಂಡ ಇಡಲ್ಪಟ್ಟಿದ್ದರೂ ಯಾರ ಕಣ್ಣಿಗೂ ಬೀಳಲಿಲ್ಲವೆಂದರೆ ಅದೆಂಥ ಆರೈಕೆ?' ಎಂದು ಬರೆದಿದ್ದೀಯ.

ರೊವೀನಾ, ನಾನು ಫೋನಿನಲ್ಲಿ ನಿನಗೆ ಹೇಳಿದ್ದು 'ಬಾಗಿಲು' ಎಂದಷ್ಟೆ. ಕುಂಡದ ವಿಷಯ ಆಗ ನನಗೇ ಗೊತ್ತಿರಲಿಲ್ಲ.

ನಿಮ್ಮಪ್ಪನ ಮುಖ ನೋಡುವುದಿಲ್ಲವೆಂದು ನೀನು ಹೋಗಿ ಎರಡು ವರ್ಷವಾಯಿತು. ಅವರು ಬಂದರಿಗೆ ನಡೆದುಹೋದ ಮಂಗಳವಾರ ನೀನು ಅಲ್ಲಿಗೆ ಬಂದಿದ್ದೆ, ಅಲ್ಲವೇ? ಸಿಗರೇಟಿಗೆಂದು ಕುಂಡ ಇಟ್ಟು ಹೊರಗೆ ಹೋದವಳು ಒಳಗೆ ಬರಲು ಧೈರ್ಯ ಸಾಲದೆ ಹಾಗೇ ಕಾರು ಹತ್ತಿರಬೇಕು. ಇದು ನನ್ನ ಊಹೆ. ಸಿಗರೇಟು ಬಿಟ್ಟಿದ್ದೇನೆ ಅನ್ನುತ್ತೀಯ, ಅದನ್ನೂ ನಂಬಿಲ್ಲ. ಅಲ್ಲಿಂದ ನನ್ನ ಮನೆಗೆ ಹತ್ತು ನಿಮಿಷದ ನಡಿಗೆ. ಆ ಮಾತು ಬೇಡ. ಒಂದು ಟೀ ಆದರೂ ಕುಡಿದು ಹೋಗಬಹುದಿತ್ತು.

ಮಿಸೆಸ್ ಕ್ರೌದರ್‌ಗೆ ನಾನೇ ಹೇಳಬಹುದು. ಆದರೆ ಅದು ನಿನ್ನ ವಾಕ್ಯ. ಶುಕ್ರವಾರದೊಳಗೆ ಅವಳ ಕೈ ಸೇರುವಂತೆ ಬರೆ. 'ನಾನು' ಎಂದು ಶುರುಮಾಡು, ಆಮೇಲಿನದು ತಾನಾಗಿ ಬರುತ್ತದೆ. ನೀನು ಬರೆಯದಿದ್ದರೆ ಶುಕ್ರವಾರ ಬೆಳಿಗ್ಗೆ ನಾನೇ ಹೋಗಿ ನಿನ್ನ ಹೆಸರು ಹೇಳುತ್ತೇನೆ. ಡನೂಟಾಳ ಹೊಟ್ಟೆಯ ಮೇಲೆ ಹೊಡೆದು ಮಗಳನ್ನು ಕಾಪಾಡಲಾರೆ.

ನಿನ್ನ ಮೇಲೆ ಕೋಪವಿರುವ, ಆದರೂ ನಿನ್ನವಳೇ ಆದ,
ಅಮ್ಮ

ತಾ.ಕ.: ಬರೆಯಬಾರದೆಂದಿದ್ದೆ. ನಿನ್ನೆ ನಿಮ್ಮಪ್ಪನನ್ನೇ ಕೇಳಿದೆ, ನಿಮ್ಮನ್ನು ಹೊರಗೆ ಬಿಟ್ಟವರು ಯಾರು ಎಂದು. "ಯಾರೂ ಬಿಡ್ಲಿಲ್ಲ. ರೊವೀನಾ ಹೊರಗೆ ಹೋದ್ಲು. ಎಷ್ಟೊತ್ತಾದ್ರೂ ಬರ್ಲಿಲ್ಲ. ಹುಡುಕ್ಕೊಂಡು ನಾನೇ ಹೋದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ನೀವು ಯಾರೆಂದು ಬಹಳ ಮರ್ಯಾದೆಯಿಂದ ಕೇಳಿದರು.